ಬಾಡಿನ ಪ್ರಶ್ನೆ

(ಬನಶಂಕರಿಯಲ್ಲಿ ಹಾಸ್ಟೆಲ್ ಗೆಳೆಯರು ಕೂಡಿದ್ದ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಬರೆದುಕೊಂಡದ್ದನ್ನು ಅಲ್ಲಲ್ಲಿ ತಿದ್ದಿ ಕೊಟ್ಟಿದ್ದೇವೆ.)



ಇವತ್ತಿನ ಮಾತಿನ ವಿಷಯವನ್ನು ನಾವು ಆರಿಸಿಕೊಂಡಿದ್ದಲ್ಲ. ಹಾಸ್ಟೆಲ್ಲಿನ ಊಟದ ಮನೆಯಲ್ಲಿ ನಡೆದ ಒಂದು ಜಗಳ ಅದನ್ನು ಕೊಟ್ಟಿತು. ನಮ್ಮ ಹುಡುಗನೊಬ್ಬ ಊರಿನ ಮಾರಿಹಬ್ಬ ಮುಗಿಸಿಕೊಂಡು ಬಂದವನು ಬಾಡು ಮುಟ್ಟೋದನ್ನೇ ಬಿಟ್ಟ. ಕೋಳಿ ಸಾರಿನ ದಿನ ಬರೀ ಮುದ್ದೆ, ಮಜ್ಜಿಗೆ. ಮೊದಲು ಹೊಟ್ಟೆನೋವು ಅಂದ. ಆಮೇಲೆ ನಿಜ ಹೇಳಿದ. ಹಬ್ಬದಲ್ಲಿ ಕೋಣದ ಕಾಲು ಹಿಡಿದುಕೊಂಡಿದ್ದನಂತೆ. ಅದರ ಕಣ್ಣು ನೋಡಿದೆ, ಆವತ್ತಿನಿಂದ ಗಂಟಲಲ್ಲಿ ಇಳಿಯಲ್ಲ ಅಂದ. ಉಳಿದವರು ಸುಮ್ಮನಿರ್ತಾರಾ? "ಏನೋ, ಜನಿವಾರ ಹಾಕ್ಕೊಂಡ್ಯಾ?" ಅಂದರು. "ಜಯನಗರದ ಗಾಳಿ ಬೀಸ್ತು" ಅಂದರು. ಒಬ್ಬ ಅವನ ತಟ್ಟೆಗೆ ಬೇಕೆಂದೇ ಮೂಳೆ ಎಸೆದ. ಕೈ ಕೈ ಮಿಲಾಯಿಸುವ ತನಕ ಹೋಯಿತು.

ಮೂಳೆ ಎಸೆದವನೂ ನಮ್ಮವನೇ, ಬಾಡು ಬಿಟ್ಟವನೂ ನಮ್ಮವನೇ. ಇಬ್ಬರಲ್ಲೂ ಒಂದೊಂದು ಸತ್ಯ ಇದೆ ಅಂತ ನಮಗೆ ಅನ್ನಿಸ್ತು. ಅದನ್ನು ಬಿಡಿಸಿ ನೋಡೋಣ ಅಂತ ಈ ಮಾತು.

ಮೂಳೆ ಎಸೆದವನ ಕೋಪ ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ನಮ್ಮಲ್ಲಿ ಎಷ್ಟೋ ಜನ ಡಿಗ್ರಿ ಮುಗಿಸಿ, ಹಾಸ್ಟೆಲ್ ಬಿಟ್ಟು, ಈ ಬಡಾವಣೆಗಳಲ್ಲಿ ರೂಮು ಹುಡುಕಿದವರು. ಜಯನಗರ, ಜೆ.ಪಿ.ನಗರ, ಬನಶಂಕರಿ ಎರಡನೇ ಹಂತ ಎಲ್ಲಾ ತಿರುಗಿದ್ದೇವೆ. ಗೇಟಿಗೆ ಬೋರ್ಡು ತೂಗಿರುತ್ತೆ, 'ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ'. ಬೋರ್ಡು ಇಲ್ಲದ ಕಡೆ ಬಾಯಲ್ಲಿ ಕೇಳ್ತಾರೆ. ಊರು ಯಾವುದು, ತಂದೆ ಏನು ಮಾಡ್ತಾರೆ, ಕೊನೆಗೆ ಮೆಲ್ಲಗೆ "ನೀವು ಏನು ತಿಂತೀರಿ?" ನೀವು ಯಾವ ಜಾತಿ ಅಂತ ಕೇಳೋಕೆ ಈಗ ನಾಚಿಕೆ. ಅಸ್ಪೃಶ್ಯತೆ ಅಪರಾಧ ಅಂತ 1955ರಲ್ಲೇ ಕಾನೂನು ಬಂತು. ಮುಂಬಾಗಿಲಲ್ಲಿ ಕೇಳಲಾಗದ ಪ್ರಶ್ನೆಯನ್ನು ಅಡುಗೆಮನೆ ಬಾಗಿಲಿಂದ ಕೇಳ್ತಾರೆ. ಮುಸ್ಲಿಂ ಹುಡುಗರಿಗೆ ಆ ಪ್ರಶ್ನೆಯನ್ನೂ ಕೇಳೋದಿಲ್ಲ, ಹೆಸರು ಕೇಳಿದ ಕೂಡಲೇ ಮನೆ ಆಗಲೇ ಕೊಟ್ಟಾಯ್ತು ಅಂತಾರೆ.

ಈ ಬಡಾವಣೆಗಳು ಯಾರ ನೆಲದ ಮೇಲೆ ನಿಂತಿವೆ? ಸಾರಕ್ಕಿ, ಯಡಿಯೂರು, ಕದಿರೇನಹಳ್ಳಿ, ಪುಟ್ಟೇನಹಳ್ಳಿ ಎಲ್ಲಾ ಹಳ್ಳಿಗಳು. ಬಿಟಿಎಂ ಅಂದರೆ ಏನು ಅಂತ ಅಲ್ಲಿ ಪಿಜಿಯಲ್ಲಿರುವ ಹುಡುಗರನ್ನು ಕೇಳಿ, ಅರ್ಧ ಜನಕ್ಕೆ ಗೊತ್ತಿಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ, ಮೂರು ಊರಿನ ಮೊದಲ ಅಕ್ಷರ. ಊರು ಅಂದ ಮೇಲೆ ದೇವತೆ ಇದ್ದಳು, ಕೇರಿ ಇತ್ತು, ಕೋಳಿ ಕುರಿ ಕೊಯ್ಯುತ್ತಿದ್ದರು. ಊರಿನ ಮೇಲೆ ಕ್ರಾಸು ಮೇನು ಎಳೆದವರು ಈಗ ನಮಗೆ ಇಲ್ಲಿ ಹೀಗೆ ತಿನ್ನಬೇಡಿ ಅಂತಾರೆ. ಯುಗಾದಿ ಮಾರನೇ ದಿನ ಹೊಸತೊಡಕು. ಆವತ್ತು ಕೋಳಿ ಕೂಗುವ ಮುಂಚೆಯೇ ಮಟನ್ ಅಂಗಡಿ ಮುಂದೆ ಸಾಲು ನಿಂತಿರುತ್ತೆ. ಆ ಸಾಲಿನಲ್ಲಿ ಯಾವ ಜಾತಿಯವರು ಇಲ್ಲ ಹೇಳಿ? 2014ರ ಕೇಂದ್ರ ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ನೂರಕ್ಕೆ ಸುಮಾರು 79 ಜನ ಮಾಂಸ ತಿನ್ನುವವರು. ಆದರೂ ಹೆಸರು ನೋಡಿ, 'ನಾನ್‌ವೆಜ್'. 79 ಜನಕ್ಕೆ 'ಅಲ್ಲದವರು' ಅಂತ ಹೆಸರು!

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಅಲ್ಲಿನ ಸೂಚನೆಯಲ್ಲಿ ಮದ್ಯ, ತಂಬಾಕು, ಮಾಂಸಾಹಾರ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ನಿಷೇಧ ಅಂದರು. ಬಾಡೂಟಕ್ಕೆ ಹೆಸರಾದ ಮಂಡ್ಯದಲ್ಲಿ! ಜನ ಸುಮ್ಮನಿರಲಿಲ್ಲ, ಬಾಡೂಟ ಕೊಡಿ ಅಂತ ಕೇಳಿದರು. ಅದಕ್ಕೂ ಮುಂಚೆ 2021ರ ಡಿಸೆಂಬರಿನಲ್ಲಿ ಶಾಲೆ ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಶುರುಮಾಡಿದಾಗ ಮಠಾಧೀಶರು ಬೀದಿಗಿಳಿದರು. ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಇದೆ ಅಂದರೂ ಕೇಳಲಿಲ್ಲ. ಬೀದರ್, ರಾಯಚೂರು, ಯಾದಗಿರಿಯ ಬಡಕಲು ಮಕ್ಕಳ ಕೈಗೆ ಒಂದು ಬೇಯಿಸಿದ ಮೊಟ್ಟೆ ಬಂದರೆ ಯಾವ ಧರ್ಮ ಮುಳುಗುತ್ತೆ? 2024ರ ಹೊತ್ತಿಗೆ ವಾರದ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾಯಿತು. ಯಾವ ಧರ್ಮವೂ ಮುಳುಗಿದ ಸುದ್ದಿ ಬರಲಿಲ್ಲ.

ಇವರು ಹೇಳುವ ಕಾರಣ ಏನು? ದಯೆ, ಅಹಿಂಸೆ. ಸರಿ, ಆ ಮಾತನ್ನೇ ತಕ್ಕಡಿಗೆ ಹಾಕೋಣ. ನಮ್ಮ ತಾತಂದಿರು ಏನು ತಿಂದರು? ಊರಗೌಡನ ಕೊಟ್ಟಿಗೆಯಲ್ಲಿ ದನ ಸತ್ತರೆ ಹೇಳಿ ಕಳಿಸ್ತಿದ್ದರು. ಎಳೆದುಕೊಂಡು ಹೋಗಬೇಕು, ಚರ್ಮ ಸುಲಿಯಬೇಕು, ಆ ಚರ್ಮದಲ್ಲಿ ಗೌಡನಿಗೆ ಮಿಣಿ, ಮೆಟ್ಟು ಮಾಡಿಕೊಡಬೇಕು. ಕೂಲಿ ಯಾವುದು? ಆ ಸತ್ತ ದನದ ಬಾಡು. ತಿಂದು ಮಿಕ್ಕಿದ್ದನ್ನು ಸೀಳಿ ಸೂರಿನ ಕೆಳಗೆ ಹಗ್ಗ ಕಟ್ಟಿ ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಯೋಚನೆ ಮಾಡಿ. ಸತ್ತ ದನ ತಿಂದವನು ಯಾವ ದನವನ್ನೂ ಕೊಲ್ಲಲಿಲ್ಲ. ಅಹಿಂಸೆಯೇ ಅಳತೆಗೋಲಾಗಿದ್ದರೆ ಊರಲ್ಲಿ ಅವನೇ ಮೇಲಿನವನಾಗಬೇಕಿತ್ತು, ಕುರಿ ಕಡಿಸಿ ತಿನ್ನುವ ಗೌಡ ಅವನಿಗಿಂತ ಕೆಳಗೆ ಇರಬೇಕಿತ್ತು. ಆಗಿದ್ದು ಉಲ್ಟಾ. ಕೊಂದು ತಿಂದವನು ಊರೊಳಗೆ, ಕೊಲ್ಲದೆ ತಿಂದವನು ಊರಾಚೆ. ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರು ಯಾರು ಅಂತ ಬರೆದ ಪುಸ್ತಕದಲ್ಲಿ ಇದೇ ಗಂಟನ್ನು ಹಿಡಿದು ಬಿಚ್ಚಿದ್ದಾರೆ. ವೇದದ ಕಾಲದಲ್ಲಿ ಗೋವು ಕಡಿದು ತಿಂದವರೇ ಬೌದ್ಧಧರ್ಮದ ಎದುರು ಗೆಲ್ಲೋಕೆ ಗೋಪೂಜಕರಾದರು, ಸತ್ತ ದನ ತಿನ್ನೋದನ್ನು ಬಿಡಲಾಗದ ಬಡವರು ಅಸ್ಪೃಶ್ಯರಾದರು ಅನ್ನುವುದು ಅವರ ವಾದ. ಅಂದರೆ ಮಡಿಗೂ ಕರುಣೆಗೂ ಸಂಬಂಧ ಇಲ್ಲ. ಮಡಿ ಅನ್ನೋದು ಮನುಷ್ಯರನ್ನು ದೂರ ಇಡುವ ಲೆಕ್ಕ, ಪ್ರಾಣಿಯ ಹೆಸರು ಅದಕ್ಕೊಂದು ನೆಪ.

ನೆಪ ಅಂತ ಯಾಕೆ ಅಂತೀವಿ ಅಂದರೆ, 2016ರ ಜುಲೈ ಒಂದೇ ತಿಂಗಳು ಸಾಕು. ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದ ನಮ್ಮ ಹುಡುಗರನ್ನು ಕಟ್ಟಿ ಹೊಡೆದರು. ಅದೇ ತಿಂಗಳು ನಮ್ಮ ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲೂಕಿನಲ್ಲಿ, ದನದ ಮಾಂಸ ಇದೆ ಅಂತ ಹೇಳಿ ದಲಿತ ಕುಟುಂಬದ ಮನೆಗೆ ನುಗ್ಗಿ ಹೊಡೆದರು. ಬೂಸಾ ಗಲಾಟೆ ನೀವು ಕೇಳಿದ್ದೀರಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಬೂಸಾ ದನಕ್ಕೆ ಹಾಕುವ ಮೇವು. ಆ ಒಂದು ಮಾತಿಗೆ ಅವರ ಮಂತ್ರಿಗಿರಿ ಹೋಯಿತು, ಹಾಸ್ಟೆಲ್ ಹುಡುಗರ ಮೇಲೆ ಏಟು ಬಿತ್ತು. ದನದ ಮೇವಿನ ಹೆಸರೆತ್ತಿದರೂ ಹೊಡೆತ, ದನದ ಚರ್ಮ ಮುಟ್ಟಿದರೂ ಹೊಡೆತ.

ಇನ್ನು ಕಾನೂನು. 1964ರ ಕಾಯ್ದೆಯಲ್ಲಿ ಹಸುವನ್ನು ಕಡಿಯೋ ಹಾಗಿರಲಿಲ್ಲ. ಆದರೆ 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಗಳಿಗೆ ಅಧಿಕಾರಿಯ ಸರ್ಟಿಫಿಕೇಟು ಪಡೆದು ಕಡಿಯಬಹುದಿತ್ತು. 2021ರಲ್ಲಿ ಜಾರಿಗೆ ಬಂದ 2020ರ ಕಾಯ್ದೆ ಎತ್ತು, ಹೋರಿಯನ್ನೂ ಪೂರ್ತಿ ನಿಷೇಧಿಸಿತು. 13 ವರ್ಷ ದಾಟಿದ ಎಮ್ಮೆ ಕೋಣ ಮಾತ್ರ ಉಳಿದವು. ತಪ್ಪಿದರೆ 3ರಿಂದ 7 ವರ್ಷ ಜೈಲು, ಮೊದಲ ಸಲಕ್ಕೇ 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಐದು ಲಕ್ಷ ರೂಪಾಯಿಯನ್ನು ಜೀವಮಾನದಲ್ಲಿ ಒಟ್ಟಿಗೆ ನೋಡದವನಿಗೆ ಆ ದಂಡ. ರೈತನಿಗಾದರೂ ಏನು ಲಾಭ? ಉಳದ ಎತ್ತನ್ನು ಕೊಳ್ಳುವವರಿಲ್ಲ. ಬಡವನಿಗೆ ಏನಾಯಿತು? ಮಟನ್ನಿನ ಅರ್ಧ ಬೆಲೆಗೆ ಸಿಗುತ್ತಿದ್ದ ದನದ ಬಾಡು ತಟ್ಟೆಯಿಂದ ಹೋಯಿತು. ಈ ಕಾನೂನನ್ನು ನಾವು ಒಪ್ಪುವುದಿಲ್ಲ, ಇದರ ಬಗ್ಗೆ ನಮ್ಮಲ್ಲಿ ಎರಡು ಮಾತಿಲ್ಲ.

ಇಷ್ಟು ಹೇಳಿದ್ದು ಸುಲಭದ ಭಾಗ. ಇಷ್ಟಕ್ಕೆ ನೀವು ಚಪ್ಪಾಳೆ ಹೊಡೀತೀರಿ ಅಂತ ನಮಗೆ ಗೊತ್ತು. ಕಷ್ಟ ಇರೋದು ಮುಂದೆ. ಕೋಣದ ಕಣ್ಣು ನೋಡಿದ ಹುಡುಗನಿಗೆ ಏನು ಹೇಳೋದು?

ಜಯನಗರದ ಮನೆ ಓನರ್ ಕಳ್ಳ ಅಂದ ಮಾತ್ರಕ್ಕೆ ಕೋಣಕ್ಕೆ ನೋವಾಗಲಿಲ್ಲ ಅಂತ ಆಗಲ್ಲ. ಕೇಳುವವನ ಬಾಯಿ ಕೆಟ್ಟದ್ದು, ಆದರೆ ಪ್ರಶ್ನೆ ಕೆಟ್ಟದ್ದಲ್ಲ. ಆ ಪ್ರಶ್ನೆಯನ್ನು ಅವನ ಬಾಯಿಂದ ಕಿತ್ತುಕೊಂಡು ನಾವೇ ಕೇಳಿಕೊಳ್ಳಬೇಕು. ನೋವು ಅಂದರೇನು ಅಂತ ನಮಗಿಂತ ಚೆನ್ನಾಗಿ ಗೊತ್ತಿರುವವರು ಯಾರು?

ಬುದ್ಧಗುರು ಇದನ್ನು ಹೇಗೆ ನೋಡಿದರು? ದೊಡ್ಡ ಯಜ್ಞ ಮಾಡಿ ನೂರಾರು ಪ್ರಾಣಿ ಬಲಿ ಕೊಡೋದನ್ನು ಅವರು ಖಂಡಿಸಿದರು. ಆದರೆ ದೇವದತ್ತ ಬಂದು, ಭಿಕ್ಷುಗಳು ಮಾಂಸ ಮುಟ್ಟಬಾರದು ಅಂತ ನಿಯಮ ಮಾಡಿ ಅಂದಾಗ ಒಪ್ಪಲಿಲ್ಲ. ತನಗೋಸ್ಕರ ಕೊಂದದ್ದನ್ನು ನೋಡಿರಬಾರದು, ಕೇಳಿರಬಾರದು, ಅನುಮಾನವೂ ಇರಬಾರದು, ಹಾಗಿದ್ದರೆ ಭಿಕ್ಷೆಗೆ ಬಿದ್ದದ್ದನ್ನು ತಿನ್ನಬಹುದು ಅಂದರು. 1957ರಲ್ಲಿ ಅಚ್ಚಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಇದನ್ನು ಇನ್ನೂ ಸ್ಪಷ್ಟ ಮಾಡಿದರು. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ. ಅಗತ್ಯ ಇಲ್ಲದ ಕಡೆ ಬರೀ ಇಚ್ಛೆಯಿಂದ ಕೊಲ್ಲೋದನ್ನು ಬುದ್ಧ ತಡೆದರು. ಯಾವುದು ಅಗತ್ಯ, ಯಾವುದು ಬರೀ ಇಚ್ಛೆ ಅಂತ ಅಳೆಯುವ ಕೆಲಸವನ್ನು ಮನುಷ್ಯನ ವಿವೇಕಕ್ಕೇ ಬಿಟ್ಟರು. ಇದು ನಿಯಮಕ್ಕಿಂತ ಕಷ್ಟ. ನಿಯಮವಾದರೆ ಬೋರ್ಡು ತೂಗಿಹಾಕಿ ಮಲಗಬಹುದು. ವಿವೇಕಕ್ಕೆ ಬಿಟ್ಟರೆ ದಿನಾ ಯೋಚಿಸಬೇಕು.

ಈ ಅಳತೆ ಹಿಡಿದು ನಮ್ಮ ತಟ್ಟೆ ನೋಡಿಕೊಳ್ಳೋಣ. ಹಸಿದ ನಮ್ಮಜ್ಜಿ ಸತ್ತ ದನದ ಬಾಡು ತಿಂದದ್ದು ಅಗತ್ಯ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಬಾಡು ಬಿಡಿ ಅಂದದ್ದು ಪಾಪ ಅಂತಲ್ಲ, ಅದು ಗುಲಾಮಗಿರಿಯ ಕೂಲಿ ಅಂತ. ಅದನ್ನು ಹಿಡಿದು ಬಾಡೇ ಬಿಡಿ ಅಂದರು ಅಂತ ಹೇಳುವವರಿದ್ದಾರೆ, ನಂಬಬೇಡಿ. ಗಾರೆ ಕೆಲಸ ಮಾಡಿ ಬಂದ ನಮ್ಮಪ್ಪ ಭಾನುವಾರ ಕಾಲು ಕೆಜಿ ಬೋಟಿ ತಂದರೆ ಅದೂ ಅಗತ್ಯ. ಮಾರಿಹಬ್ಬದ ಕೋಣ? ದೇವಸ್ಥಾನದಲ್ಲಿ ಪ್ರಾಣಿಬಲಿ ಮಾಡಬಾರದು ಅಂತ 1959ರಿಂದ ಕಾನೂನಿದೆ, ಅದು ಇರಲಿ. ಕೋಣ ಕೊಡಿಸುವವನು ಗೌಡ, ಪೂಜೆ ಮಾಡುವವನು ಪೂಜಾರಿ, ಕತ್ತಿ ಮಾತ್ರ ನಮ್ಮ ಕೈಗೆ ಯಾಕೆ? ರಕ್ತ ನಮ್ಮ ಕೈಗೆ, ಪುಣ್ಯ ಊರಿಗೆ. ದೇವಿಗೆ ಬೇಕು ಅನ್ನೋದು ಅಗತ್ಯವೋ, ಊರಿನ ಇಚ್ಛೆಯೋ? ನಮ್ಮ ಹುಡುಗ ಕತ್ತಿ ಹಿಡಿಯಲ್ಲ ಅಂದರೆ ಅದರಲ್ಲಿ ಕರುಣೆಯೂ ಇದೆ, ಬಿಟ್ಟಿ ಚಾಕರಿ ಮಾಡಲ್ಲ ಅನ್ನುವ ಸ್ವಾಭಿಮಾನವೂ ಇದೆ. ಎಮ್ಮೆಗೆ ಜನಿವಾರ ಹಾಕಿದಂತೆ ಅವನಿಗೆ ಜನಿವಾರ ಹಾಕಬೇಡಿ.

ಕೋಳಿಯ ಲೆಕ್ಕ ಇನ್ನೂ ತೊಡಕಿನದು. ಅವ್ವ ತಿಪ್ಪೆ ಮೇಲೆ ಬಿಟ್ಟು ಸಾಕಿದ ಕೋಳಿ ಒಂದೆರಡು ವರ್ಷ ಗಾಳಿ ಬೆಳಕು ನೋಡಿ, ನೆಂಟರು ಬಂದ ದಿನ ಸಾಯುತ್ತಿತ್ತು. ಈಗಿನ ಬ್ರಾಯ್ಲರು ಆರು ವಾರಕ್ಕೆ ಎರಡು ಕೆಜಿ ಬರುತ್ತೆ. ಅದರ ಕಾಲಿಗೆ ಅದರ ಮೈ ಭಾರ. ಮೊಟ್ಟೆ ಕೋಳಿ ರೆಕ್ಕೆ ಬಿಚ್ಚಲಾಗದ ಪಂಜರದಲ್ಲಿ ಬದುಕುತ್ತೆ, ಆ ತಳಿಯಲ್ಲಿ ಹುಟ್ಟಿದ ಹುಂಜದ ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಶಾಲೆ ಮಕ್ಕಳ ಮೊಟ್ಟೆಗೆ ಜಗಳ ಆಡಿದ ನಾವು ಇದನ್ನೂ ಬಾಯಿಬಿಟ್ಟು ಹೇಳಬೇಕು. ಮೊಟ್ಟೆ ಬೇಕು, ಪಂಜರ ಬೇಡ ಅಂತ ಕೇಳೋಕೆ ಆಗಲ್ವಾ? ಇನ್ನು ಹಾಲು ಕುಡಿದು ನಾವು ಕೊಲ್ಲುವವರಲ್ಲ ಅನ್ನುವವರು ಒಂದು ಲೆಕ್ಕ ಕೊಡಲಿ. ಹಸು ಕರು ಹಾಕದೆ ಹಾಲು ಕೊಡಲ್ಲ. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಊಳೋದು ಟ್ರ್ಯಾಕ್ಟರು. ಆ ಗಂಡುಕರು ಎಲ್ಲಿಗೆ ಹೋಯಿತು? ಬೆಣ್ಣೆ ದೋಸೆ ತಿನ್ನುವಾಗ ಯಾರೂ ಈ ಪ್ರಶ್ನೆ ಕೇಳೋದಿಲ್ಲ.

ಇನ್ನೊಂದು ಮಾತಿದೆ, ನಿಮಗೆ ಸಿಟ್ಟು ಬರಬಹುದು. ಅವರ ಕಣ್ಣೆದುರಿಗೇ ದನದ ಬಾಡು ತಿಂದು ತೋರಿಸುವ ಪ್ರತಿಭಟನೆಗಳು ನಡೆದಿವೆ. ಮುಚ್ಚಿಟ್ಟುಕೊಂಡು ತಿನ್ನುತ್ತಿದ್ದವರು ತಲೆಯೆತ್ತಿ ತಿಂದರು, ಅದು ಬೇಕಿತ್ತು. ಆದರೆ ಯಾರದೋ ಹೊಟ್ಟೆ ಉರಿಸೋಕೆ ಅಂತಲೇ ಒಂದು ಪ್ರಾಣಿ ಸತ್ತರೆ ಅದನ್ನು ಅಗತ್ಯದ ಕಡೆ ಬರೀಬೇಕಾ, ಇಚ್ಛೆಯ ಕಡೆ ಬರೀಬೇಕಾ? ನಮ್ಮೊಳಗೇ ಇದಕ್ಕೆ ಒಮ್ಮತ ಇಲ್ಲ. ಚರ್ಚೆ ಮಾಡಿ. ಮನೆಯಲ್ಲೂ ಒಂದು ಸಲ ನೋಡಿ, ಬಾಡು ಬೇಯಿಸಿದ ಅವ್ವನ ತಟ್ಟೆಗೆ ಕೊನೆಯಲ್ಲಿ ಏನು ಬರುತ್ತೆ? ಬರೀ ಸಾರು, ಒಂದು ಮೂಳೆ. ಬಾಡು ನಮ್ಮ ಹಕ್ಕು ಅಂತ ಕೂಗುವ ನಾವು ಆ ತಟ್ಟೆ ನೋಡಿದ್ದೇವಾ?

ಹಾಸ್ಟೆಲ್ಲಿನ ಜಗಳ ಏನಾಯಿತು ಅಂತ ಕೇಳ್ತಿದ್ದೀರಿ. ಮೂಳೆ ಎಸೆದವನು ತಪ್ಪಾಯ್ತು ಅಂದ, ಒತ್ತಾಯಕ್ಕೆ ಅಂದನೋ ಮನಸ್ಸಿಂದ ಅಂದನೋ ಅವನಿಗೇ ಗೊತ್ತು. ಕೋಳಿ ಸಾರಿನ ದಿನ ಬಾಡು ಒಲ್ಲದವನಿಗೆ ಕಾಳಿನ ಪಲ್ಯ ಮಾಡಬೇಕು ಅಂತ ಅಡುಗೆಯವರಿಗೆ ಹೇಳಿದ್ದೇವೆ. ಮುಂದಿನ ಮಾರಿಹಬ್ಬಕ್ಕೆ ಅವನು ಕೋಣದ ಕಾಲು ಹಿಡಿಯಲ್ಲ ಅಂತ ಅಪ್ಪನಿಗೆ ಫೋನು ಮಾಡಿ ಹೇಳಿದ. ಅಪ್ಪ ಬೈದರಂತೆ. ನಮ್ಮಲ್ಲಿ ನಾಲ್ಕು ಜನ ಅವನ ಜೊತೆ ಊರಿಗೆ ಹೋಗ್ತೀವಿ.

ಆಮೇಲೆ ಇನ್ನೊಂದು ನಡೆಯಿತು. ಕೊನೆ ವರ್ಷದವರು ಮೂವರು ಹೋದ ಭಾನುವಾರ ಜೆ.ಪಿ.ನಗರದಲ್ಲಿ ಮನೆ ನೋಡಲು ಹೋದರು, ಈ ಹುಡುಗನೂ ಜೊತೆಗಿದ್ದ. ಮನೆ ಚೆನ್ನಾಗಿತ್ತು, ಬಾಡಿಗೆಯೂ ಕೈಗೆಟುಕುವಂತಿತ್ತು. ಯಜಮಾನರು ಕಾಫಿಯನ್ನೂ ಕೊಟ್ಟು, ನೀವೆಲ್ಲಾ ವೆಜ್ಜಾ ಅಂತ ಕೇಳಿದರು. ಉಳಿದಿಬ್ಬರು ಇವನ ಮುಖ ನೋಡಿದರು. ಇವನು ಹೂಂ ಅಂದಿದ್ದರೆ ಸುಳ್ಳಾಗುತ್ತಿರಲಿಲ್ಲ, ಮನೆಯೂ ಸಿಗುತ್ತಿತ್ತು. "ಅದನ್ನು ಯಾಕೆ ಕೇಳ್ತೀರಿ ಸಾರ್?" ಅಂದ. ಕಾಫಿ ಲೋಟ ಕೆಳಗಿಟ್ಟು ಮೂವರೂ ಎದ್ದು ಬಂದರು. ಇನ್ನೂ ಮನೆ ಹುಡುಕುತ್ತಿದ್ದಾರೆ. ಈ ಕಡೆ ಯಾರಿಗಾದರೂ ಗೊತ್ತಿದ್ದರೆ ಸಭೆ ಮುಗಿದ ಮೇಲೆ ಹೇಳಿ.

ಜೈಭೀಮ್.