ವಿಕಲಚೇತನರ ಮಾಸಾಶನ: ಯಾರು ಅರ್ಹರು?



ವೈಕಲ್ಯದ ಪ್ರಮಾಣಪತ್ರ ಕೈಸೇರಿದೊಡನೆ ಮಾಸಾಶನವೂ ತಾನಾಗಿ ಬರುತ್ತದೆಂಬ ನಂಬಿಕೆ ನಮ್ಮ ಜನರಲ್ಲಿದೆ. ಅದು ಸರಿಯಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇಕಡಾ 40 ಅಥವಾ ಅದಕ್ಕೂ ಮಿಗಿಲಾದ ವೈಕಲ್ಯವುಳ್ಳವರಿಗೆ ಮೀಸಲಾತಿಯ ಅವಕಾಶ ಕಲ್ಪಿಸಿದೆ. ಆದರೆ ಕೇಂದ್ರ ಸರ್ಕಾರವು 2009ರಲ್ಲಿ ಆರಂಭಿಸಿದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯ ಮಾನದಂಡವೇ ಬೇರೆ. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು, ಕುಟುಂಬವು ಬಡತನ ರೇಖೆಯ ಕೆಳಗಿರಬೇಕು, ವೈಕಲ್ಯವು ಸಾಮಾನ್ಯವಾಗಿ ಶೇಕಡಾ 80ಕ್ಕೆ ಕಡಿಮೆಯಿರಬಾರದು. ಒಂದು ಕಾಲಿನ ಶಕ್ತಿ ಕುಂದಿ ಶೇಕಡಾ 60ರ ಪತ್ರ ಪಡೆದ ಕೂಲಿಕಾರನು ಎಷ್ಟೇ ಬಡವನಾದರೂ ಇದರ ಹೊರಗುಳಿಯುತ್ತಾನೆ.

ಅವನು ಅಲ್ಲಿಗೇ ಕೈಚೆಲ್ಲಬೇಕಾಗಿಲ್ಲ. ಶೇಕಡಾ 40ರಿಂದಲೇ ನೆರವು ನೀಡುವ ರಾಜ್ಯ ಯೋಜನೆಗಳುಂಟು. ಹೊರನಾಡ ಕನ್ನಡಿಗರು ಎಡವುವುದು ಇಲ್ಲಿಯೇ. ವೈಕಲ್ಯದ ವಿಶಿಷ್ಟ ಗುರುತಿನ ಚೀಟಿಗೆ ದೇಶದೆಲ್ಲೆಡೆ ಮಾನ್ಯತೆಯಿದೆ. ರಾಜ್ಯದ ಮಾಸಾಶನಕ್ಕಾದರೋ ವಾಸ್ತವ್ಯದ ನಿಬಂಧನೆಯಿರುತ್ತದೆ. ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯು 15 ವರ್ಷಗಳ ವಾಸವನ್ನು ಕೇಳುತ್ತದೆ. ಮುಂಬಯಿಯಲ್ಲಿ ದುಡಿಯುತ್ತ ಪಡಿತರ ಚೀಟಿಯನ್ನು ಊರಿನಲ್ಲಿಯೇ ಉಳಿಸಿಕೊಂಡವರಿಗೆ ಇದನ್ನು ರುಜುವಾತುಪಡಿಸುವುದು ಕಷ್ಟ. ಬಾಡಿಗೆ ಕರಾರು, ಮತದಾರರ ಗುರುತಿನ ಚೀಟಿ, ಮಕ್ಕಳ ಶಾಲಾ ದಾಖಲೆಗಳನ್ನು ದಯವಿಟ್ಟು ಜೋಪಾನವಾಗಿಡಿ.

ಇನ್ನು ಮೊತ್ತದ ಮಾತು. 79 ವರ್ಷದವರೆಗೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ; 2012ರಿಂದ ಅದು ಬದಲಾಗಿಲ್ಲ. ಸರ್ಕಾರಿ ನೌಕರರ ತುಟ್ಟಿಭತ್ಯೆಯಂತೆ ಬೆಲೆ ಸೂಚ್ಯಂಕದೊಡನೆ ಏರುವ ಹಣ ಇದಲ್ಲ. ಇಂದಿನ ಬೆಲೆಗಳಲ್ಲಿ ಇದು ಔಷಧಿಗೂ ಸಾಲದೆಂಬುದನ್ನು ಯಾರೂ ಅಲ್ಲಗಳೆಯರು. ಮೇಲಿನ ಹಣವನ್ನು ರಾಜ್ಯಗಳು ಸೇರಿಸುತ್ತವೆ, ಅದೂ ರಾಜ್ಯದಿಂದ ರಾಜ್ಯಕ್ಕೆ ಬಹಳ ಭಿನ್ನ. ಆದುದರಿಂದ ಕೇಂದ್ರದ ಯೋಜನೆ, ರಾಜ್ಯದ ಯೋಜನೆ ಎರಡರ ವಿಚಾರವನ್ನೂ ನೀವಿರುವಲ್ಲಿನ ತಹಶೀಲ್ದಾರರ ಕಚೇರಿಯಲ್ಲಿ ಒಟ್ಟಿಗೆ ಕೇಳಿಕೊಳ್ಳಿ.