ಲೆಕ್ಕಕ್ಕೆ ಸಿಗದ ಗಾಳಿ

ಕಾರಿನ ಎಂಜಿನ್ನು ಪೆಟ್ರೋಲು ಕುಡಿಯುತ್ತದೆ ಎಂದು ನಾವೆಲ್ಲ ದೂರುತ್ತೇವೆ. ತೂಕ ಹಾಕಿ ನೋಡಿದರೆ ಅದು ಹೆಚ್ಚಾಗಿ ಸೇವಿಸುವುದು ಗಾಳಿಯನ್ನೇ. ಒಂದು ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಗಾಳಿಯನ್ನು ಒಂದೊಂದು ಸಿಲಿಂಡರಿಗೂ ಹಂಚಿ ಕೊಡುವ ಕವಲುಕೊಳವೆಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಎಂದು ಹೆಸರು. ಅದನ್ನು ಮನೆಯಲ್ಲೇ ಬದಲಾಯಿಸಬಹುದೇ ಎಂಬ ಪ್ರಶ್ನೆ ನನಗೆ ಎದುರಾದದ್ದು ಗದಗ ತಾಲ್ಲೂಕಿನ ಅಂತೂರ-ಬೆಂತೂರಿನಲ್ಲಿ, ನಮ್ಮ ಕಾಕಾ ಅವರ ಮನೆಯ ಅಂಗಳದಲ್ಲಿ.

ಕಾಕಾ ಅವರದು ಮೂರು ಸಿಲಿಂಡರಿನ ಸಣ್ಣ ಕಾರು, 2014ರದು. ಕಾಕು ಅವರನ್ನು ಡಯಾಲಿಸಿಸ್‌ಗಾಗಿ ವಾರಕ್ಕೆ ಎರಡು ಸಲ ಗದಗಿಗೆ ಕರೆದೊಯ್ಯಲು ಅದೇ ಆಧಾರ. ಆ ಕಾರು ನಿಂತಲ್ಲೇ ಒಮ್ಮೆ ಜೋರಾಗಿ ಮೊರೆಯುತ್ತಿತ್ತು, ಮರುಕ್ಷಣ ಗಡಗಡ ನಡುಗಿ ಆರುವಂತಾಗುತ್ತಿತ್ತು. ಒಮ್ಮೊಮ್ಮೆ ಬ್ರೇಕ್ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಒಂದು ಗ್ಯಾರೇಜಿನವರು ಇಂಜೆಕ್ಟರುಗಳನ್ನೆಲ್ಲ ಬದಲಿಸಬೇಕೆಂದು ದೊಡ್ಡ ಮೊತ್ತವನ್ನೇ ಹೇಳಿದ್ದರು. "ನೀ ಸೈನ್ಸ್ ಓದಿದಾಂವ, ಒಂದೀಟು ನೋಡಪಾ" ಎಂದರು ಕಾಕಾ. ನಾನು ಓದಿದ್ದು ಭೌತಶಾಸ್ತ್ರ, ಮಾಡುವುದು ಟೆಲಿವಿಷನ್ ಕಾರ್ಯಕ್ರಮ. ಪಾನಾ ಹಿಡಿಯುವ ಪಾಠ ಎರಡರಲ್ಲೂ ಇಲ್ಲ. ಆದರೆ ಆ ಗಟ್ಟಿಯಾದ ಬ್ರೇಕು ನನ್ನನ್ನು ಯೋಚನೆಗೆ ಹಚ್ಚಿತು.

ಏಕೆಂದರೆ ಬ್ರೇಕಿಗೂ ಇಂಜೆಕ್ಟರಿಗೂ ನೇರ ಸಂಬಂಧವಿಲ್ಲ. ಬ್ರೇಕಿಗೂ ಮ್ಯಾನಿಫೋಲ್ಡಿಗೂ ಇದೆ. ಎಂಜಿನ್ನು ಗಾಳಿ ಎಳೆಯುವಾಗ ಮ್ಯಾನಿಫೋಲ್ಡಿನ ಒಳಗೆ ಒತ್ತಡ ತಗ್ಗುತ್ತದೆ. ಆ ತಗ್ಗಿದ ಒತ್ತಡವೇ ಒಂದು ದಪ್ಪ ರಬ್ಬರ್ ಕೊಳವೆಯ ಮೂಲಕ ಬ್ರೇಕಿನ ಬೂಸ್ಟರಿಗೆ ಹೋಗಿ, ಪೆಡಲು ತುಳಿಯುವ ಕಾಲಿಗೆ ನೆರವಾಗುತ್ತದೆ. ಎಲ್ಲೋ ಗಾಳಿ ಸೋರಿ ಒಳಗೆ ಬರುತ್ತಿದ್ದರೆ ಈ ನೆರವು ಕುಗ್ಗುತ್ತದೆ.

ಹಿಂದಿನ ಕಾರ್ಬ್ಯುರೇಟರ್ ಕಾರುಗಳಲ್ಲಿ ಗಾಳಿಯ ಸೆಳೆತವೇ ಪೆಟ್ರೋಲನ್ನು ಹೀರಿ ತರುತ್ತಿತ್ತು. 2000ನೇ ಇಸವಿಯಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ನಮ್ಮ ದೇಶದ ಸಣ್ಣ ಕಾರುಗಳಿಗೂ ಇಂಜೆಕ್ಷನ್ ಬಂತು. ಈಗ ಪೆಟ್ರೋಲು ಎಷ್ಟು ಬೇಕೆಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಕಾಕಾ ಅವರ ಕಾರಿನಲ್ಲಿ ಈ ಲೆಕ್ಕಕ್ಕೆ ಆಧಾರ ಮ್ಯಾನಿಫೋಲ್ಡಿನ ಒಳಗಿನ ಒತ್ತಡ ಅಳೆಯುವ ಒಂದು ಸೆನ್ಸರ್. ಮೂರು ಕವಲುಗಳಲ್ಲಿ ಒಂದು ಬಿರುಕು ಬಿಟ್ಟಿತೆನ್ನಿ. ಒಳಗಿನ ಒತ್ತಡ ಏರುತ್ತದೆ. ಕಂಪ್ಯೂಟರು ಗಾಳಿ ಹೆಚ್ಚಾಯಿತೆಂದು ಮೂರೂ ಸಿಲಿಂಡರಿಗೆ ಪೆಟ್ರೋಲು ಹೆಚ್ಚಿಸುತ್ತದೆ. ಆದರೆ ಹೆಚ್ಚಿನ ಗಾಳಿ ಹೋಗುವುದು ಬಹುಪಾಲು ಒಂದಕ್ಕೇ. ಒಂದಕ್ಕೆ ಗಾಳಿ ಅತಿ, ಉಳಿದೆರಡಕ್ಕೆ ಪೆಟ್ರೋಲು ಅತಿ. ನಡುಕ ಬರದೆ ಇನ್ನೇನಾದೀತು?

ಕಾರಿಗೆ ಸಿಕ್ಕಿಸಿ ಫೋನಿನಲ್ಲಿ ಅಂಕೆ ನೋಡುವ ಸಣ್ಣ ಉಪಕರಣ ಈಗ ಸುಲಭವಾಗಿ ಸಿಗುತ್ತದೆ. ಎಂಜಿನ್ನು ನಿಂತಿರುವಾಗ ಒತ್ತಡ 94 ಕಿಲೋಪ್ಯಾಸ್ಕಲ್ ತೋರಿಸಿತು. ಸಮುದ್ರ ಮಟ್ಟದಲ್ಲಿ ಇದು 101 ಇರುತ್ತದೆ, ಗದಗ ಸೀಮೆ ಸುಮಾರು 650 ಮೀಟರ್ ಎತ್ತರದಲ್ಲಿರುವುದರಿಂದ 94 ಸರಿಯೇ. ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಎಂದಾಯಿತು. ಎಂಜಿನ್ನು ಚಾಲೂ ಮಾಡಿ ಬಿಟ್ಟಾಗ ಅದು 35ರ ಆಸುಪಾಸಿಗೆ ಇಳಿಯಬೇಕಿತ್ತು. ಇಳಿದದ್ದು 52ಕ್ಕೆ ಮಾತ್ರ.

ಸೋರುವ ಜಾಗ ಹುಡುಕಲು ಪಕ್ಕದ ಮನೆಯವರು "ಊದಿನಕಡ್ಡಿ ಹಚ್ಚೂಣು, ಹೊಗಿ ಎತ್ತ ಹೊಕ್ಕತೈತಿ ನೋಡೂಣು" ಎಂದರು. ಪೆಟ್ರೋಲಿನ ಪಕ್ಕದಲ್ಲಿ ಬೆಂಕಿ! ಕೈ ಮುಗಿದು ಬೇಡವೆಂದೆ. ವಿದ್ಯುತ್ ಜೋಡಣೆಗಳಿಗೆ ತಾಗದಂತೆ ಕವಲುಗಳ ಬುಡಕ್ಕೆ ಸ್ವಲ್ಪ ನೀರು ಚಿಮುಕಿಸಿದೆ. ಮೂರನೆಯ ಕವಲಿನ ಬುಡದಲ್ಲಿ ನೀರು ಒಳಗೆ ಹೀರಿಹೋಯಿತು, ಎಂಜಿನ್ನಿನ ಮೊರೆತವೂ ಅರೆಕ್ಷಣ ಬದಲಾಯಿತು. ಅಲ್ಲೇ ಕೂದಲೆಳೆಯ ಬಿರುಕು. ಈಗಿನ ಮ್ಯಾನಿಫೋಲ್ಡುಗಳಲ್ಲಿ ಹಲವು ಗಾಜಿನ ನಾರು ಬೆರೆಸಿದ ನೈಲಾನಿನವು. ಹಗುರ, ನುಣುಪು. ಆದರೆ ಹಿಂದೆ ಯಾರೋ ಅಲ್ಲಿನ ಬೋಲ್ಟನ್ನು ಮೈಮೇಲೆ ಬಿದ್ದು ಬಿಗಿದಿದ್ದರು.

ಹೊಸ ಮ್ಯಾನಿಫೋಲ್ಡು, ಪ್ಯಾಕಿಂಗು, ಇಂಜೆಕ್ಟರಿನ ರಬ್ಬರ್ ಉಂಗುರಗಳು ಹುಬ್ಬಳ್ಳಿಯಿಂದ ಬಂದವು. ಈಗ ಒಂದು ಎಚ್ಚರಿಕೆಯ ಮಾತು. ಇಂಜೆಕ್ಷನ್ ಕಾರಿನ ಪೆಟ್ರೋಲ್ ಕೊಳವೆಯಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ಕಾರಿನ ಟೈರಿನಲ್ಲಿರುವುದಕ್ಕಿಂತ ಹೆಚ್ಚು. ಎಂಜಿನ್ನು ಆರಿಸಿದ ಮೇಲೂ ಅದು ಹಾಗೇ ನಿಂತಿರುತ್ತದೆ. ಹಾಗಾಗಿ ಮೊದಲು ಪೆಟ್ರೋಲ್ ಪಂಪಿನ ಫ್ಯೂಸು ತೆಗೆದು, ಎಂಜಿನ್ನು ತಾನಾಗಿ ಆರುವವರೆಗೆ ಓಡಿಸಬೇಕು. ಅದು ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಕೊಳವೆ ಬಿಚ್ಚುವಾಗ ಸುತ್ತ ಬಟ್ಟೆ ಹಿಡಿಯಬೇಕು. ಹತ್ತಿರ ಒಲೆ, ಬೀಡಿ ಕೂಡದು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸುವ ಹೊಸ ಬಗೆಯ ಎಂಜಿನ್ನುಗಳಲ್ಲಿ ಒತ್ತಡ 100 ಬಾರನ್ನೂ ಮೀರುತ್ತದೆ. ಅವು ಮನೆಯಲ್ಲಿ ಮುಟ್ಟುವ ವಸ್ತುಗಳಲ್ಲ.

ಬಿಚ್ಚುವುದು ಕಷ್ಟವಲ್ಲ, ಮರೆಯದಿರುವುದು ಕಷ್ಟ. ಪ್ರತಿ ಕೊಳವೆ, ಪ್ರತಿ ತಂತಿಯ ಫೋಟೊ ತೆಗೆದು, ಚಿಂದಿ ಕಟ್ಟಿ ಗುರುತು ಮಾಡಿದೆವು. ಥ್ರಾಟಲ್ ಬಾಡಿಗೆ ಬರುವ ಕೂಲಂಟ್ ಕೊಳವೆಗಳ ಕೆಳಗೆ ಬೋಗುಣಿ ಇಟ್ಟೆವು. ಬೋಲ್ಟುಗಳನ್ನು ಎರಡೂ ತುದಿಗಳಿಂದ ನಡುವಿನ ಕಡೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆವು.

ಮ್ಯಾನಿಫೋಲ್ಡು ಕೈಗೆ ಬಂದಾಗ ಎಂಜಿನ್ನಿನ ಮೂರು ಬಾಯಿಗಳು ತೆರೆದುಕೊಳ್ಳುತ್ತವೆ. ಎರೆಮಣ್ಣಿನ ಊರಲ್ಲಿ ಗಾಳಿ ಎದ್ದರೆ ಧೂಳು ಯಾರ ಮಾತನ್ನೂ ಕೇಳುವುದಿಲ್ಲ, ಒಂದು ಹರಳು ಒಳಗೆ ಬಿದ್ದರೂ ಸಿಲಿಂಡರಿಗೆ ಗೀರು. ಅದಕ್ಕೇ ಗಾಳಿ ಏಳುವ ಮೊದಲು, ಬೆಳಗಿನ ಜಾವದಲ್ಲೇ ಅಂಗಳಕ್ಕೆ ನೀರು ಹೊಡೆದು ಕೆಲಸ ಶುರು ಮಾಡಿದ್ದೆವು. ಕಾಕಾ ಅವರ ಹಳೆಯ ಧೋತರದ ಮೂರು ತುಂಡುಗಳನ್ನು ಮೂರು ಬಾಯಿಗೆ ತುರುಕಿದೆವು. ಹಳೆಯ ಪ್ಯಾಕಿಂಗನ್ನು ಉಕ್ಕಿನ ಚಾಕುವಿನಿಂದ ಕೆರೆಯಬಾರದು. ಸಿಲಿಂಡರ್ ಹೆಡ್ಡು ಅಲ್ಯುಮಿನಿಯಮ್ಮಿನದು, ಗೀರು ಬಿದ್ದರೆ ಅಲ್ಲೇ ಮತ್ತೆ ಸೋರಿಕೆ. ಬಿದಿರಿನ ಚಕ್ಕೆಯಿಂದ ತಾಸುಗಟ್ಟಲೆ ಕೆರೆದೆವು. ತುಂಡುಗಳನ್ನು ಹೊರಗೆ ತೆಗೆಯುವಾಗ ಕಟ್ಟೆಯ ಮೇಲೆ ಕುಳಿತ ಕಾಕು "ಒಂದು, ಎರಡು, ಮೂರು" ಎಂದು ಎಣಿಸಿ ಲೆಕ್ಕ ಒಪ್ಪಿಸಿಕೊಂಡರು.

ಹೊಸ ಪ್ಯಾಕಿಂಗಿಗೆ ಅಂಟು ಬಳಿಯಲಿಲ್ಲ. ಇಂಜೆಕ್ಟರಿನ ಉಂಗುರಗಳಿಗೆ ಮಾತ್ರ ಒಂದೊಂದು ಹನಿ ಶುದ್ಧ ಎಂಜಿನ್ ಆಯಿಲ್. ಬೋಲ್ಟುಗಳನ್ನು ಈ ಸಲ ನಡುವಿನಿಂದ ತುದಿಗಳ ಕಡೆಗೆ, ಮೂರು ಸುತ್ತುಗಳಲ್ಲಿ ಬಿಗಿದೆವು. ಕೈಪಿಡಿಯಲ್ಲಿ 10 ನ್ಯೂಟನ್ ಮೀಟರ್ ಎಂದಿತ್ತು. ಒಂದು ಗೇಣು ಉದ್ದದ ಪಾನಾದ ತುದಿಗೆ ನಾಲ್ಕೂವರೆ ಕಿಲೋ ತೂಗುಬಿಟ್ಟಷ್ಟೇ ಜೋರು. ಕಾಕಾ ಅವರಿಗೆ ಇದು ನಂಬಿಕೆಯಾಗಲಿಲ್ಲ. "ಇನ್ನೊಂದೀಟು ಬಿಗಿಲೇನು?" ಎಂದು ಎರಡು ಸಲ ಕೇಳಿದರು. ಹಳೆಯದರ ಬಿರುಕನ್ನು ತೋರಿಸಿದೆ, ಸುಮ್ಮನಾದರು.

ಚಾಲೂ ಮಾಡುವ ಮೊದಲು ಫ್ಯೂಸು ಹಾಕಿ, ಬ್ಯಾಟರಿ ಜೋಡಿಸಿ, ಕೀಲಿಯನ್ನು ಮೂರು ಸಲ ಆನ್ ಮಾಡಿ ಬಿಟ್ಟೆವು. ಪ್ರತಿ ಸಲ ಪಂಪು ಕೆಲವು ಕ್ಷಣ ಗುಂಯ್‌ಗುಟ್ಟಿ ಕೊಳವೆ ತುಂಬಿತು. ಎಲ್ಲೂ ಹನಿ ಇಲ್ಲ, ವಾಸನೆ ಇಲ್ಲ. ಕೂಲಂಟ್ ತುಂಬಿಸಿ ಎಂಜಿನ್ನು ಚಾಲೂ ಮಾಡಿದಾಗ ಮೊದಲು ಸ್ವಲ್ಪ ತಡವರಿಸಿತು, ಬಿಸಿಯಾಗುತ್ತಿದ್ದಂತೆ ಸಮವಾಯಿತು. ಫೋನಿನಲ್ಲಿ ಅಂಕೆ 34ಕ್ಕೆ ಬಂದು ನಿಂತಿತು. ಕಾಕಾ ಎರಡು ಮೈಲಿ ಹೋಗಿ ಬಂದು "ಬ್ರೇಕ್ ಹತ್ತತೈತಿ" ಎಂದರು.

ಮರುದಿನ ಬೆಳಿಗ್ಗೆ ಏಳಕ್ಕೆ ಕಾಕು ಅವರನ್ನು ಕೂರಿಸಿಕೊಂಡು ಗದಗಿಗೆ ಹೊರಟಾಗ ಡಿಕ್ಕಿಯಲ್ಲಿ ಹಳೆಯ ಮ್ಯಾನಿಫೋಲ್ಡು ಇತ್ತು. ಆಸ್ಪತ್ರೆಯಲ್ಲಿ ಕಾಯುವ ನಾಲ್ಕು ತಾಸಿನಲ್ಲಿ ಕಾಕಾ ಅದನ್ನು ಆ ಗ್ಯಾರೇಜಿನವರಿಗೆ ತೋರಿಸಿ ಬರುವವರಿದ್ದರು.