ಕೊನೆಗಾಲದ ಚಿಕಿತ್ಸೆ: ಮನದ ಮಾತನ್ನು ಮೊದಲೇ ಬರೆದಿಡಿ
(ಗ್ರಾಮಸೇವಕರು ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬೀಜ, ಗೊಬ್ಬರ, ಬದುವಿನ ಮಾತು ಆಡುವವನು. ಇಂದು ಬೇರೊಂದು ಮಾತು ಹೇಳಬೇಕಾಗಿದೆ. ಮಳೆ ಬಿದ್ದ ಮೇಲೆ ಕೂರಿಗೆ ಹುಡುಕುವವನನ್ನು ನಾವು ಜಾಣನೆನ್ನುವುದಿಲ್ಲ. ಆದರೆ ಕೊನೆಗಾಲದ ಚಿಕಿತ್ಸೆಯ ವಿಷಯದಲ್ಲಿ ನಾವೆಲ್ಲರೂ ಹಾಗೆಯೇ ಮಾಡುತ್ತೇವೆ.

ನಮ್ಮ ಅಜ್ಜನವರು ಮಾತು ನಿಂತು, ಯಂತ್ರದ ಉಸಿರಿನ ಮೇಲೆ ಆಸ್ಪತ್ರೆಯಲ್ಲಿದ್ದರು. ಇನ್ನು ಗುಣವಾಗದೆಂದು ವೈದ್ಯರು ತಿಳಿಸಿದರು. "ಮನೆಗೆ ಒಯ್ಯೋಣ" ಎಂದರು ತಂದೆ. "ಅಪ್ಪನ ಕೈಬಿಡುತ್ತೀಯಾ?" ಎಂದರು ಕಾಕಾ. ಇಬ್ಬರದೂ ಪ್ರೀತಿಯೇ. ಅಜ್ಜನ ಮನಸ್ಸಿನಲ್ಲಿ ಏನಿತ್ತೆಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಎತ್ತಿನ ಜೋಡಿ ಮಾರಿದೆವು, ಅಜ್ಜನೂ ಉಳಿಯಲಿಲ್ಲ. ಅಣ್ಣತಮ್ಮಂದಿರ ಮಾತು ಇಂದಿಗೂ ಕೂಡಿಲ್ಲ.

ಇದಕ್ಕೆ ಈಗ ದಾರಿಯುಂಟು. ಮುಂಚಿತವಾಗಿ ಇಚ್ಛಾಪತ್ರ ಬರೆದಿಡುವುದನ್ನು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸುಲಭಗೊಳಿಸಿತು. ಗೌರವದ ಮರಣದ ಹಕ್ಕಿಗಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಬಹುಕಾಲ ಹೋರಾಡಿದರು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಸುತ್ತೋಲೆ ಹೊರಡಿಸಿತು.

ಮಾಡತಕ್ಕದ್ದು ಇಷ್ಟು:

1. 18 ವರ್ಷ ತುಂಬಿದ, ಬುದ್ಧಿ ಸ್ವಸ್ಥವಿರುವ ಯಾರಾದರೂ ಸ್ವಂತ ಇಚ್ಛೆಯಿಂದ ಬರೆಯಬಹುದು.
2. ಗುಣವಾಗುವ ಆಸೆಯಿಲ್ಲದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡವೆಂಬುದನ್ನು ಸ್ಪಷ್ಟವಾಗಿ ಬರೆಯಿರಿ.
3. ನಿಮ್ಮ ಪರವಾಗಿ ಮಾತನಾಡತಕ್ಕ ನಂಬಿಗಸ್ಥರ ಹೆಸರು ಸೇರಿಸಿರಿ.
4. ಇಬ್ಬರು ಸಾಕ್ಷಿದಾರರ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಿರಿ.
5. ಪ್ರತಿಯನ್ನು ಮನೆಯವರಿಗೂ ನಿಮ್ಮ ವೈದ್ಯರಿಗೂ ಕೊಡಿರಿ.

"ಹೊಲದ ಆಸೆಗೆ ಮಕ್ಕಳು ದುರುಪಯೋಗ ಮಾಡಿದರೆ?" ಎಂದು ಒಬ್ಬ ತಾಯಿ ಕೇಳಿದರು. ಒಳ್ಳೆಯ ಪ್ರಶ್ನೆ. ಪತ್ರವಿದ್ದ ಮಾತ್ರಕ್ಕೆ ಚಿಕಿತ್ಸೆ ನಿಲ್ಲದು. ರೋಗಿ ತಾನೇ ನಿರ್ಣಯ ಹೇಳಲಾರದಾಗ ಮಾತ್ರ ಅದನ್ನು ತೆಗೆಯುತ್ತಾರೆ. ಮೂವರು ವೈದ್ಯರ ಒಂದು ಮಂಡಳಿ, ಬಳಿಕ ಮೂವರ ಇನ್ನೊಂದು ಮಂಡಳಿ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೂ ತಿಳಿಸಬೇಕು. ನೋವು ಕಡಿಮೆ ಮಾಡುವ ಔಷಧ, ಆರೈಕೆ ನಿಲ್ಲುವುದಿಲ್ಲ. ಸೂಜಿಮದ್ದು ಕೊಟ್ಟು ಸಾಯಿಸುವುದು ಇದಲ್ಲ; ಅದು ಅಪರಾಧವೇ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆ ಸಂತೆಗೆ ಹೋದಾಗ ನೋಟರಿ ವಕೀಲರನ್ನು ವಿಚಾರಿಸಿರಿ. ಅದಕ್ಕೂ ಮೊದಲು, ಇಂದು ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಹತ್ತಿರ ಕೂಡ್ರಿಸಿಕೊಂಡು ನಿಮ್ಮ ಮನದ ಮಾತು ಹೇಳಿರಿ. ಕೊನೆಯವರೆಗೂ ಎಲ್ಲ ಚಿಕಿತ್ಸೆ ಬೇಕೆನ್ನುವವರು ಅದನ್ನೂ ಹೇಳಿರಿ. ನಮ್ಮ ಅಜ್ಜ ಆ ಒಂದು ಮಾತು ಹೇಳಿದ್ದರೆ, ತಂದೆ ಮತ್ತು ಕಾಕಾ ಇಂದು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು.